ಅವ್ವನ ಗೋಡೆಗೆ ನನ್ನ ಬಣ್ಣ

ಮಸ್ಕಿಯ ನಮ್ಮ ಮನೆಗೆ ಬಣ್ಣ ಹಚ್ಚಿಸಿ ಎರಡು ವರ್ಷವಾಯಿತು. ದುಡ್ಡು ನನ್ನದು, ಆಯ್ಕೆಯೂ ನನ್ನದೇ. ಆ ಮನೆಯಲ್ಲಿ ದಿನಾ ಇರುವವಳು ಮಾತ್ರ ಅವ್ವ.

ಸಿಂಧನೂರಿನ ಬಣ್ಣದಂಗಡಿಯಲ್ಲಿ ಅವಳನ್ನು ಕೂರಿಸಿ, ಬಣ್ಣದ ಚೀಟಿಗಳ ಪುಸ್ತಕ ಕೈಗಿತ್ತಿದ್ದೆ. ಹಾಳೆ ತಿರುವಿ ಗಿಳಿಹಸಿರಿನ ಮೇಲೆ ಬೆರಳಿಟ್ಟಳು. ಬಾಗಿಲಿಗೆ ಕುಂಕುಮದ ಕೆಂಪು. ನನಗೆ ನಗು ಬಂತು. ‘ಯವ್ವಾ, ಮನಿ ಅದು, ತೇರಲ್ಲ’ ಅಂದೆ. ಅಂಗಡಿಯ ಹುಡುಗನೂ ನಕ್ಕ. ಅವ್ವ ಪುಸ್ತಕ ಮುಚ್ಚಿ, ‘ನಿನಗ ತಿಳಿದಂಗ ಹಚ್ಚು’ ಅಂದಳು. ನಾನು ಕೆನೆಬಣ್ಣ ಆರಿಸಿದೆ. ಗೋಡೆಗೂ ಅದೇ, ಬಾಗಿಲು ಚೌಕಟ್ಟಿಗೂ ಅದರದೇ ತಮ್ಮನಂಥದ್ದು. ಮನೆ ‘ಶಾಂತವಾಗಿದೆ’ ಎಂದು ಬಂದ ಗೆಳೆಯರು ಹೊಗಳಿದರು.

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದವರಿಗೆ ಈ ಕಡೆಯ ಹೊಸ ಮನೆಗಳು ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತವಾಗಿ, ಭತ್ತ ದುಡ್ಡಾಗಿ, ದುಡ್ಡು ಎರಡಂತಸ್ತಿನ ಮನೆಯಾದಾಗ ಅದಕ್ಕೆ ನೇರಳೆ, ಕಿತ್ತಳೆ, ನವಿಲುನೀಲಿ ಬಣ್ಣ ಬರುತ್ತದೆ. ಕಿಟಕಿಯ ಪಕ್ಕ ಕೂತು ನಾವು ಕೆಲವರು ಅದನ್ನು ನೋಡಿ ನಗುತ್ತಿದ್ದೆವು. ಓದಿದವರ ನಗು ಅದು. ಆ ನಗುವನ್ನು ನಾನು ಎಲ್ಲಿ ಕಲಿತೆ ಎಂದು ಬಹಳ ಕಾಲ ಕೇಳಿಕೊಂಡಿರಲಿಲ್ಲ.

ಜರ್ಮನಿಯ ಗಯಟೆ 1810ರಲ್ಲಿ ಬಣ್ಣಗಳ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದ. ಕಾಡುಜನ, ಓದುಬರಹ ಇಲ್ಲದವರು, ಮಕ್ಕಳು ಗಾಢ ಬಣ್ಣಗಳಿಗೆ ಮನಸೋಲುತ್ತಾರೆ, ನಯನಾಜೂಕಿನವರು ಅವನ್ನು ದೂರ ಇಡುತ್ತಾರೆ ಎಂಬ ಅರ್ಥದ ಮಾತು ಅದರಲ್ಲಿದೆ. ಅದನ್ನು ಓದಿದಾಗ ಮುಖಕ್ಕೆ ಹೊಡೆದಂತಾಯಿತು. ನನ್ನ ಸ್ವಂತದ್ದೆಂದುಕೊಂಡಿದ್ದ ಅಭಿರುಚಿ ಇನ್ನೂರು ವರ್ಷ ಹಳೆಯದು, ಬೇರೆಯವರದು. ಆ ಪಟ್ಟಿಯಲ್ಲಿ ನಾನು ಅವ್ವನನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದೆ ಎನ್ನುವುದೂ ಸ್ಪಷ್ಟವಾಯಿತು.

ಬಣ್ಣದ ವಿಷಯದಲ್ಲಿ ಅವಳು ಹೆದರಿದ್ದನ್ನು ನಾನು ಕಂಡಿರಲೇ ಇಲ್ಲ. ಇಳಕಲ್ ಸೀರೆಯನ್ನೇ ನೋಡಿ. ಮೈ ಒಂದು ಬಣ್ಣ, ಸೆರಗು ಕೆಂಪು, ಅದರಲ್ಲಿ ಬಿಳಿಯ ತೋಪುತೆನೆ. ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ನೇಯುತ್ತಾರೆ. ಮೇಲೊಂದು ಹಸಿರು ಖಣದ ಕುಪ್ಪಸ. ಇಷ್ಟೆಲ್ಲ ಉಟ್ಟು ಸಂತೆಗೆ ಹೋಗುವವಳು ಹೊಂದುತ್ತದೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಹಳೆಯ ಮಾಳಿಗೆ ಮನೆಗೆ ಹಬ್ಬದ ಮುಂಚೆ ಸುಣ್ಣ ಅರಳಿಸಿ, ಸೋಸಿ, ಚಿಟಿಕೆ ನೀಲಿ ಬೆರೆಸುತ್ತಿದ್ದವಳೂ ಅವಳೇ. ಸುಣ್ಣದ ಹಳದಿ ಛಾಯೆಯನ್ನು ಆ ನೀಲಿ ನುಂಗಿ ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಬಿಳುಪಿಗೂ ಬೇರೊಂದು ಬಣ್ಣದ ಆಸರೆ ಬೇಕೆಂಬುದು ಅವಳಿಗೆ ಕೈಯಿಂದಲೇ ಗೊತ್ತಿತ್ತು. ಕಟ್ಟೆಗೆ ಕೆಮ್ಮಣ್ಣು ಸಾರಿಸಿ ಬಿಳಿ ಗೆರೆ ಎಳೆಯುತ್ತಿದ್ದಳು. ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತದೆ. ನನಗೀಗ 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ನಡೆಸಿದ ಅಗೆತ ನೆನಪಾಗುತ್ತದೆ. ಆಗ ಸಿಕ್ಕ ಮಡಕೆಗಳಲ್ಲಿ ಕೆಂಗಂದು ಮೈಮೇಲೆ ಬಿಳಿ ಗೆರೆ ಬಿಡಿಸಿದವೂ ಇದ್ದವು. ಅವ್ವನ ಕಟ್ಟೆಯದೂ ಅದೇ ಜೋಡಿ. ಎರಡಕ್ಕೂ ನೇರ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ, ಸುಮ್ಮನೆ ನೆನಪಾಗುತ್ತದೆ ಅಷ್ಟೆ.

ಕೆನೆಬಣ್ಣದ ಮನೆಯಲ್ಲಿ ಅವ್ವ ಗೋಡೆ ಸವರಿಕೊಂಡು ನಡೆಯತೊಡಗಿದ್ದು ನನಗೆ ತಡವಾಗಿ ತಿಳಿಯಿತು. ಒಂದು ಸಂಜೆ ಹಣೆಗೆ ಚೌಕಟ್ಟು ಬಡಿದು ಊದಿತ್ತು. ‘ಬಾಗಲಾ ಎಲ್ಲಿ ಐತೋ, ಗೋಡಿ ಎಲ್ಲಿ ಐತೋ, ಎಲ್ಲಾ ಒಂದ ಆಗೇತಿ’ ಅಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಂದವರಿಗೆ ಮಂಜಾಗುವುದಷ್ಟೇ ಅಲ್ಲ, ಹತ್ತಿರದ ಛಾಯೆಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಹಸಿರು ಗೋಡೆಯಲ್ಲಿ ಕೆಂಪು ಬಾಗಿಲು ಕೇಳಿದವಳು ತೇರು ಕೇಳಿರಲಿಲ್ಲ. ಬಹುಶಃ ಅವಳಿಗೂ ಕಾರಣ ಸರಿಯಾಗಿ ತಿಳಿದಿರಲಿಲ್ಲ. ನಾನು ಕೇಳಿದ್ದರೆ ತಾನೇ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ಪಡಸಾಲೆಯ ನಡುವೆ ನಿಂತು ಸುತ್ತ ನೋಡಿದಳು. ‘ಇದಕ್ಕ ಬಣ್ಣಾನ ಹಚ್ಚಿಲ್ಲಲ್ಲೋ’ ಅಂದಳು.

ಲಿಂಗಸುಗೂರಿನಲ್ಲಿರುವ ತಂಗಿಯ ಕ್ರಮ ಬೇರೆ. ಅವಳಿಗೆ ಅರಿಶಿನದ ಹಳದಿ ಬೇಕಿತ್ತು. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಮೊಳದಷ್ಟು ಹಚ್ಚಿ, ಬೆಳಗಿನಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ಟ್ಯೂಬ್‌ಲೈಟಿನಲ್ಲಿ ಮೂರು ದಿನ ನೋಡಿದಳು. ಚೀಟಿಯಲ್ಲಿ ಸೌಮ್ಯವಾದದ್ದು ದೊಡ್ಡ ಗೋಡೆಯಲ್ಲಿ ಅಬ್ಬರಿಸುತ್ತದೆ, ಟ್ಯೂಬ್‌ಲೈಟಿಗೆ ಹಳದಿ ಕೊಂಚ ಹಸಿರಿಗೆ ತಿರುಗುತ್ತದೆ. ಎರಡು ಪಟ್ಟು ತಿಳಿಮಾಡಿಸಿ, ಸಂಜೆಬಿಸಿಲು ಬೀಳುವ ಕೋಣೆ ಬಿಟ್ಟು ಬೇರೆ ಕೋಣೆಗೆ ಹಚ್ಚಿಸಿದಳು. ‘ಕೆಟ್ಟರ ಇನ್ನೊಂದು ಡಬ್ಬಿ, ಅಷ್ಟ’ ಅನ್ನುತ್ತಾಳೆ. ಇನ್ನೊಂದು ಡಬ್ಬಿ ಕೊಳ್ಳುವ ಶಕ್ತಿ ಇದ್ದವರಿಗೆ ಆ ಮಾತು ಸಲೀಸು. ಬಾಡಿಗೆ ಮನೆಯಲ್ಲಿ ಇರುವವರಿಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಆದರೂ ಅವಳ ಧೈರ್ಯ ನನಗೆ ಹಿಡಿಸುತ್ತದೆ. ಮೂರು ದಿನ ನೋಡಿ ಬಂದ ಧೈರ್ಯ ಅದು. ನಾನು ಮೂರು ನಿಮಿಷವೂ ನೋಡಿರಲಿಲ್ಲ.

ಈಗ ಮತ್ತೆ ಬಣ್ಣ ಹಚ್ಚಿಸೋಣವೆಂದು ಅದೇ ಪುಸ್ತಕ ತಂದು ಅವ್ವನ ಮುಂದಿಟ್ಟೆ. ಕಣ್ಣು ನೆಟ್ಟಗಾಗಿದೆ, ಹಾಳೆ ಬೇಗಬೇಗ ತಿರುವಿದಳು. ಗಿಳಿಹಸಿರು ಬಂತು, ದಾಟಿಸಿದಳು. ಬೆರಳು ಕೆನೆಬಣ್ಣದ ಮೇಲೆ ನಿಂತಿತು.

‘ಯಾಕವ್ವಾ, ಹಸಿರು ಬ್ಯಾಡೇನು?’

‘ಬ್ಯಾಡ ಬಿಡು. ಮಂದಿ ನಗತಾರ.’

ಅವತ್ತು ಅಂಗಡಿಯಲ್ಲಿ ನಕ್ಕ ಮಂದಿ ಎಷ್ಟೆಂದು ನನಗೆ ಗೊತ್ತು, ಇಬ್ಬರು. ಅದರಲ್ಲಿ ಮೊದಲು ನಕ್ಕವನು ನಾನು. ಗೋಡೆಗೆ ಇನ್ನೊಂದು ಸಲ ಬಣ್ಣ ಹಚ್ಚಬಹುದು, ಈ ಮಾತನ್ನು ಯಾವ ಡಬ್ಬಿಯಿಂದ ಮುಚ್ಚಲಿ? ಹಸಿರೇ ಹಚ್ಚಿಸು ಎಂದು ಹಟ ಮಾಡಿದರೆ ಅದೂ ನನ್ನದೇ ಬಣ್ಣವಾಗುತ್ತದೆ.

ತಂಗಿಯನ್ನು ಕೇಳಿ ಸಣ್ಣ ಡಬ್ಬಿಗಳು ಎರಡು ತಂದೆ, ಒಂದು ಹಸಿರು, ಒಂದು ಕೆಂಪು. ಬಾಗಿಲ ಬಗಲಿಗೆ ಮೊಳದಷ್ಟು ಹಸಿರು, ಚೌಕಟ್ಟಿಗೆ ಗೇಣಷ್ಟು ಕೆಂಪು ಹಚ್ಚಿ, ಏನೂ ಹೇಳದೆ ಸಿಂಧನೂರಿಗೆ ವಾಪಸು ಬಂದೆ. ನಾಲ್ಕು ದಿನವಾಯಿತು. ಫೋನಿನಲ್ಲಿ ಅವ್ವ ಮಳೆಯ ಮಾತಾಡಿದಳು, ಪಕ್ಕದ ಮನೆಯ ಮದುವೆಯ ಮಾತಾಡಿದಳು. ಇಡುವ ಮುಂಚೆ, ‘ಆ ಕೆಂಪಂದು ಮುಂಜಾನೆ ಚೊಲೋ ಕಾಣತೈತಿ, ಸಂಜೀಕ ನೋಡಬೇಕು’ ಅಂದಳು.