ಅಧಿಷ್ಠಾನವೂ ಕರ್ತೃವೂ

ಶೇನ್ ವಾರ್ನ್ ದೊಡ್ಡವರೋ ಮುತ್ತಯ್ಯ ಮುರಳೀಧರನ್ ದೊಡ್ಡವರೋ ಎಂಬ ವಾದವು, ಕ್ರಿಕೆಟ್ಟಿನ ರುಚಿಯುಳ್ಳ ಇಬ್ಬರು ಕಲೆತ ಕಡೆಯಲ್ಲೆಲ್ಲ ಹುಟ್ಟಿ, ಕಾಫಿ ಆರಿದರೂ ತಾನು ಆರದೆ ನಡೆಯತಕ್ಕದ್ದು. ಒಬ್ಬರು 145 ಟೆಸ್ಟ್ ಪಂದ್ಯಗಳಲ್ಲಿ 708 ವಿಕೆಟ್‌ಗಳನ್ನೂ ಇನ್ನೊಬ್ಬರು 133ರಲ್ಲಿ 800 ವಿಕೆಟ್‌ಗಳನ್ನೂ ಸಂಪಾದಿಸಿದವರು. ಈ ಅಂಕಿಗಳನ್ನೇ ನಂಬಿ ತೀರ್ಪು ಹೇಳಹೊರಟರೆ ಪ್ರತಿಪಕ್ಷದವನು ಸುಮ್ಮನಿರುವುದಿಲ್ಲ: "ಆ 800 ಲಂಕೆಯ ಮಣ್ಣು ಕೊಟ್ಟದ್ದು ಸ್ವಾಮಿ, ಆಸ್ಟ್ರೇಲಿಯದ ನೆಲದಲ್ಲಿ ಐದು ಟೆಸ್ಟ್ ಆಡಿ ಹನ್ನೆರಡೇ ವಿಕೆಟ್ ತೆಗೆದದ್ದನ್ನು ಏಕೆ ನುಂಗಿಕೊಳ್ಳುತ್ತೀರಿ?" ಎನ್ನುತ್ತಾನೆ. ಮಣ್ಣಿನದೆಂದು ಕಳೆಯತಕ್ಕದ್ದೆಷ್ಟು, ಮನುಷ್ಯನದೆಂದು ಉಳಿಸತಕ್ಕದ್ದೆಷ್ಟು ಎಂಬ ಲೆಕ್ಕ ಆಗ ಮೊದಲಾಗುತ್ತದೆ. ಆಟದ ಹರಟೆ ಆ ಕ್ಷಣದಲ್ಲಿ, ಆಡುವವರಿಗೆ ತಿಳಿಯದಂತೆಯೇ, ವೇದಾಂತದ ಅಂಗಳಕ್ಕೆ ಕಾಲಿಟ್ಟಿರುತ್ತದೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮವು ಸಿದ್ಧಿಸಬೇಕಾದರೆ ಬೇಕಾದ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ನಾನಾ ವಿಧವಾದ ಚೇಷ್ಟೆ, ಐದನೆಯದಾಗಿ ದೈವ. ಕರ್ತೃವಿಗೆ ಅಲ್ಲಿ ದೊರೆತಿರುವುದು ಎರಡನೆಯ ಸ್ಥಾನ, ಮೊದಲನೆಯದು ಅಧಿಷ್ಠಾನಕ್ಕೆ. ಶಂಕರರು ಈ ಪದಕ್ಕೆ ಶರೀರವೆಂದು ಅರ್ಥಮಾಡಿದ್ದಾರೆಂಬುದನ್ನು ಬಲ್ಲೆ; ನೆಲೆ, ಆಶ್ರಯ ಎಂಬ ಮೂಲಾರ್ಥವನ್ನು ಹಿಡಿದು ಇಪ್ಪತ್ತೆರಡು ಗಜದ ಮಣ್ಣಿನ ಪಟ್ಟಿಯವರೆಗೂ ಅದನ್ನು ಎಳೆಯುತ್ತಿರುವ ಸ್ವಾತಂತ್ರ್ಯ ನನ್ನದು, ಅಪರಾಧವಾದರೆ ಅದೂ ನನ್ನದೆ.

ಸ್ಪಿನ್ ಬೌಲರನಷ್ಟು ಅಧಿಷ್ಠಾನಕ್ಕೆ ಅಧೀನನಾದವನು ಆಟದಲ್ಲಿ ಮತ್ತೊಬ್ಬನಿಲ್ಲ. ಬಿಸಿಲಿಗೆ ತೇವವಾರಿ ಬಿರುಕುಬಿಟ್ಟ ಪಿಚ್ಚಿನಲ್ಲಿ, ವೇಗದ ಬೌಲರುಗಳ ಬೂಟುಮೊಳೆಗಳು ಕೆದಕಿಹೋದ ತಗ್ಗಿನಲ್ಲಿ ಬಿದ್ದ ಚೆಂಡು ಹಾವಿನಂತೆ ತಿರುಗೀತು. ಅದೇ ಬೆರಳು ಅದೇ ತಿರುಪನ್ನು ಕೊಟ್ಟು ಬಿಟ್ಟ ಚೆಂಡು ಹಸುರು ಹುಲ್ಲಿನ ಗಟ್ಟಿನೆಲದಲ್ಲಿ ಸಾಧುವಾಗಿ ಬ್ಯಾಟಿನ ಮಧ್ಯಕ್ಕೆ ಹೋಗಿ ಸೇರೀತು. ಎದುರುಗಾಳಿಯಿದ್ದರೆ ಚೆಂಡು ತೇಲಿ ತಟಕ್ಕನೆ ಇಳಿಯುತ್ತದೆ. ಬೆನ್ನಹಿಂದಿನ ಗಾಳಿ ಅದನ್ನು ಮುಂದಕ್ಕೆ ಒಯ್ದುಬಿಡುತ್ತದೆ. ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡಿನ ಕೈಹೊಲಿಗೆ ಬಹುಹೊತ್ತು ಉಬ್ಬಿ ನಿಂತು ನೆಲವನ್ನು ಕಚ್ಚುತ್ತದೆ. ಕೂಕಬುರಾ ಚೆಂಡಿನ ಹೊಲಿಗೆ ಬೇಗನೆ ಚಪ್ಪಟೆಯಾಗುತ್ತದೆ. ಇದು ಕರಣದ ಮಾತಾಯಿತು. ಕರಣವೆಂದರೆ ನಮ್ಮ ಮೈಸೂರಿನ ಚಂದ್ರಶೇಖರರ ನೆನಪಾಗದೆ ಹೋಗದು. ಬಾಲ್ಯದಲ್ಲಿ ಪೋಲಿಯೋ ತಗುಲಿ ಕೃಶವಾದ ಬಲಗೈಯೇ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ಆಂಗ್ಲರನ್ನು ಹಿಂದಕ್ಕೆ ಕಳುಹಿಸಿತು. ಅದು ಊನವೋ ಉಪಕರಣವೋ ಎಂದು ನಿರ್ಣಯಿಸಬಲ್ಲವರು ಯಾರು?

ನೆಲವೆಂದರೆ ಮಣ್ಣು ಮಾತ್ರವೆಂದುಕೊಂಡವರಿಗೆ ಒಂದು ಸೋಜಿಗವನ್ನು ತೋರಿಸಬಹುದು. ಸ್ಪಿನ್ನಿಗೆ ಸ್ವರ್ಗವೆಂದು ಲೋಕವೆಲ್ಲ ಹೊಗಳುವ ಭಾರತಭೂಮಿಯಲ್ಲಿ, ಮೇಲೆ ಹೇಳಿದ ಇಬ್ಬರು ಮಹನೀಯರ ಗತಿ ಏನಾಯಿತು? ವಾರ್ನ್ ಒಂದೊಂದು ವಿಕೆಟ್ಟಿಗೂ 43 ರನ್ನನ್ನು ತೆತ್ತರು, ಮುರಳೀಧರನ್ 45. ತಮ್ಮ ಒಟ್ಟು ಜೀವಿತದಲ್ಲಿ ಒಬ್ಬರು 25ನ್ನೂ ಇನ್ನೊಬ್ಬರು 23ನ್ನೂ ಮಾತ್ರ ತೆತ್ತವರು. ಸ್ವರ್ಗದಲ್ಲಿ ಅಪ್ಸರೆಯರಷ್ಟೇ ಅಲ್ಲ, ದೇವತೆಗಳೂ ಇರುತ್ತಾರೆಂಬುದನ್ನು ನಾವು ಮರೆಯುತ್ತೇವೆ. ಯಾವ ಮಣ್ಣು ಚೆಂಡನ್ನು ತಿರುಗಿಸುತ್ತದೆಯೋ ಅದೇ ಮಣ್ಣಿನಲ್ಲಿ, ತಿರುಗುವ ಚೆಂಡನ್ನೇ ಬಾಲ್ಯದಿಂದ ನೋಡಿ, ಬೌಲರನ ಮಣಿಕಟ್ಟಿನಲ್ಲಿಯೇ ಅದರ ಅಭಿಪ್ರಾಯವನ್ನು ಓದಿಕೊಳ್ಳುವ ದಾಂಡಿಗರೂ ಬೆಳೆದಿರುತ್ತಾರೆ. ಒಂದೇ ಕ್ಷೇತ್ರ ಬೌಲರನಿಗೆ ಅಸ್ತ್ರವನ್ನೂ ಎದುರಾಳಿಗೆ ಕವಚವನ್ನೂ ಕೊಡುವುದು. ಹೀಗಿರುವಾಗ ಕ್ಷೇತ್ರದ ಪಾಲನ್ನು ಕಳೆದು ಶುದ್ಧ ಪುರುಷನನ್ನು ಶೇಷವಾಗಿ ಉಳಿಸುತ್ತೇನೆಂದು ಹೊರಡುವವನು, ಈರುಳ್ಳಿಯ ಸಿಪ್ಪೆಗಳನ್ನೆಲ್ಲ ತೆಗೆದು ಒಳಗಿನ ಈರುಳ್ಳಿಯನ್ನು ಕಾಣುತ್ತೇನೆಂದವನ ಹಾಗೆ, ಕೊನೆಗೆ ಬರಿಗೈಯಲ್ಲಿ ಕಣ್ಣೊರಸಿಕೊಳ್ಳಬೇಕಾದೀತು.

ಏಜಾಜ್ ಪಟೇಲರ ಕಥೆಯಂತೂ ಪುರಾಣದಲ್ಲಿ ಬಂದಿದ್ದರೆ ನಾವು ಶಾಪವೆಂದೋ ವರವೆಂದೋ ಅರ್ಥ ಹೇಳಿಕೊಳ್ಳುತ್ತಿದ್ದೆವು. ಮುಂಬಯಿಯಲ್ಲಿ ಹುಟ್ಟಿ, ಎಂಟರ ವಯಸ್ಸಿನಲ್ಲಿ ನ್ಯೂಜಿಲೆಂಡಿಗೆ ಹೋದ ಈತನು 2021ರ ಡಿಸೆಂಬರಿನಲ್ಲಿ ಹುಟ್ಟೂರಿನ ವಾಂಖೆಡೆ ಮೈದಾನಕ್ಕೆ ಪರದೇಶಿಯಾಗಿ ಬಂದು, ಒಂದೇ ಇನಿಂಗ್ಸಿನಲ್ಲಿ 119 ರನ್ನಿಗೆ ಹತ್ತು ವಿಕೆಟ್‌ಗಳನ್ನೂ ತಾನೊಬ್ಬನೇ ಪಡೆದನು. ಅವನ ತಂಡ 372 ರನ್ನುಗಳಿಂದ ಸೋತಿತು. ಅದರ ಮುಂದಿನ ತಿಂಗಳು ಸ್ವದೇಶದಲ್ಲಿ ಬಾಂಗ್ಲಾದೇಶದ ಮೇಲೆ ನಡೆದ ಟೆಸ್ಟ್‌ಗಳಿಗೆ, ಅಲ್ಲಿಯ ನೆಲ ಸ್ಪಿನ್ನಿಗೆ ಒಲಿಯದೆಂಬ ಕಾರಣದಿಂದ, ಅವನನ್ನು ಆರಿಸಲೇ ಇಲ್ಲ. ಬೆರಳುಗಳು ಅವೇ, ಆದರೆ ಅಧಿಷ್ಠಾನವಿಲ್ಲದಲ್ಲಿ ಕರ್ತೃವಿಗೆ ಕರ್ತೃವೆಂಬ ಹೆಸರೂ ಉಳಿಯಲಿಲ್ಲ.

ಹಾಗಾದರೆ ಪುರುಷಪ್ರಯತ್ನಕ್ಕೆ ಎಡೆಯೇ ಇಲ್ಲವೆ ಎಂದು ಕೇಳುವವರಿಗೆ ಅನಿಲ್ ಕುಂಬ್ಳೆಯವರನ್ನು ತೋರಿಸಬೇಕು. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಪಡೆದ ಅವರು, ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಕ್ಕೆ ಹೋದಾಗ ಮೂರು ಟೆಸ್ಟ್‌ಗಳಲ್ಲಿ ಐದನ್ನಷ್ಟೇ ಪಡೆದರು. ಇಷ್ಟಕ್ಕೆ ಕಥೆ ಮುಗಿದಿದ್ದರೆ ನೆಲದ್ದೇ ಗೆಲವು. ಆದರೆ ಭುಜದ ಶಸ್ತ್ರಚಿಕಿತ್ಸೆಯನ್ನು ದಾಟಿ, ನಾಲ್ಕು ವರ್ಷಗಳ ಮೇಲೆ ಅದೇ ದೇಶಕ್ಕೆ ಮರಳಿ ಹೋದಾಗ ಮೂರೇ ಟೆಸ್ಟ್‌ಗಳಲ್ಲಿ 24 ಬಂದವು. ಗೀತೆ "ಚೇಷ್ಟೆ"ಗೆ ಬೇರೆಯೇ ಒಂದು ಸ್ಥಾನವನ್ನು ಕೊಟ್ಟಿರುವುದು ಸುಮ್ಮನೆಯಲ್ಲ. ಕೋಟ್ಲಾದ ಆ ಹತ್ತನೆಯ ವಿಕೆಟ್ಟಿನಲ್ಲಿಯೂ ಒಂದು ಸ್ವಾರಸ್ಯವುಂಟು: ಇನ್ನೊಂದು ತುದಿಯಿಂದ ಚೆಂಡು ಹಾಕುತ್ತಿದ್ದ ಮೈಸೂರಿನ ಶ್ರೀನಾಥರು, ವಿಕೆಟ್ಟು ತಮಗೆ ಬೀಳದಿರಲೆಂದು ಚೆಂಡನ್ನು ದಾಂಡಿನಿಂದ ದೂರಕ್ಕೆ ಎಸೆದರು. ಒಬ್ಬನ ಸಿದ್ಧಿಗೆ ಇನ್ನೊಬ್ಬನ ನಿವೃತ್ತಿಯೂ ಕಾರಣವಾಯಿತು. ದೈವವು ಒಮ್ಮೊಮ್ಮೆ ಮೈಸೂರಿನವರ ರೂಪದಲ್ಲಿಯೂ ಬರುವುದು.

ಇದಕ್ಕೆ ವಿಪರ್ಯಾಯವಾದ ದೃಶ್ಯ 1956ರ ಜುಲೈಯಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ನಡೆಯಿತು. ಮಳೆ ಬಂದರೆ ಪಿಚ್ಚನ್ನು ಮುಚ್ಚುವ ಕಟ್ಟುಪಾಡು ಬಿಗಿಯಾಗಿಲ್ಲದ ಕಾಲವದು. ನೆನೆದ ನೆಲ ಬಿಸಿಲಿಗೆ ಒಣಗುವ ಹೊತ್ತಿನಲ್ಲಿ ಆಸ್ಟ್ರೇಲಿಯದವರು ಆಡಬೇಕಾಯಿತು. ಒಂದೇ ಕೌಂಟಿಯ ಇಬ್ಬರು ಸ್ಪಿನ್ನರುಗಳು, ಜಿಮ್ ಲೇಕರ್ ಮತ್ತು ಟೋನಿ ಲಾಕ್, ಆ ಒಂದೇ ಪಿಚ್ಚಿನ ಮೇಲೆ, ಆ ಒಂದೇ ದಾಂಡಿಗರಿಗೆ ಚೆಂಡು ಹಾಕಿದರು. ಲೇಕರರ 68 ಓವರುಗಳಿಗೆ 19 ವಿಕೆಟ್. ಲಾಕರ 69 ಓವರುಗಳಿಗೆ ಒಂದು. ನೆಲವೇ ಸರ್ವವೆನ್ನುವವರು ಈ ಒಂದನ್ನು ಎಲ್ಲಿಡುತ್ತಾರೆ? ಲಾಕ್ ಅಲ್ಪರಲ್ಲ, ತಮ್ಮ ಕಾಲದ ಶ್ರೇಷ್ಠರ ಸಾಲಿನವರೇ. ಆದರೆ ಎದುರು ತುದಿಯಲ್ಲಿ ವಿಕೆಟ್‌ಗಳು ಉದುರುತ್ತಿದ್ದಷ್ಟೂ ಅವರು ಅಸಹನೆಯಿಂದ ಚೆಂಡನ್ನು ವೇಗವಾಗಿ, ಇನ್ನೂ ವೇಗವಾಗಿ ಎಸೆಯುತ್ತ ಹೋದರೆಂದು ಕಂಡವರು ಹೇಳುತ್ತಾರೆ. ಲೇಕರರು ಚೆಂಡನ್ನು ಬೀಳಬೇಕಾದಲ್ಲಿ ಬೀಳಿಸಿ, ಮಿಕ್ಕದ್ದನ್ನು ನೆಲಕ್ಕೇ ಬಿಟ್ಟರು. ಕ್ಷೇತ್ರದ ಅನುಗ್ರಹವು ಕೊಡುವವನ ಕೈಯಲ್ಲಿ ಎಷ್ಟಿದೆಯೋ, ಕಸಿದುಕೊಳ್ಳದೆ ಕಾಯಬಲ್ಲವನ ಕೈಯಲ್ಲಿಯೂ ಅಷ್ಟೇ ಇದೆಯೆಂದು ನನಗೆ ತೋರುತ್ತದೆ.

ಪಂದ್ಯ ಮುಗಿದ ಸಂಜೆ ಲೇಕರರು ತಮ್ಮ ಕಾರಿನಲ್ಲಿ ಒಬ್ಬರೇ ಲಂಡನ್ನಿನ ಕಡೆಗೆ ಹೊರಟು, ದಾರಿಯಲ್ಲಿ ಲಿಚ್‌ಫೀಲ್ಡ್ ಎಂಬ ಊರಿನ ಪಾನಗೃಹವೊಂದರಲ್ಲಿ ಇಳಿದರು. ಅಲ್ಲಿದ್ದವರೆಲ್ಲ ಟೆಲಿವಿಷನ್ನಿನಲ್ಲಿ ಆ ಹತ್ತೊಂಬತ್ತು ವಿಕೆಟ್‌ಗಳನ್ನೇ ನೋಡುತ್ತಿದ್ದರು. ಇವರು ಮೂಲೆಯಲ್ಲಿ ಕುಳಿತು ಒಂದು ಸ್ಯಾಂಡ್‌ವಿಚ್ ತಿಂದು, ಒಂದು ಲೋಟ ಬಿಯರ್ ಕುಡಿದು, ಎದ್ದುಹೋದರು. ಯಾರೂ ಗುರುತಿಸಲಿಲ್ಲ.