ಬೇಸಿಗೆ ರಜೆ ಯಾರಿಗೆ?

ಇಸ್ಕೂಲು ಮತ್ತೆ ಬಾಗಿಲು ತೆರೆದ ಮೊದಲ ವಾರ ಮೇಷ್ಟ್ರುಗಳು ಒಂದು ಪ್ರಬಂಧ ಬರೆಸುತ್ತಾರೆ: 'ನಾನು ಬೇಸಿಗೆ ರಜೆಯನ್ನು ಕಳೆದ ಬಗೆ'. ಅಜ್ಜಿಯ ಊರು, ಮಾವಿನ ತೋಪು, ಕೆರೆಯ ಈಜು, ಜಾತ್ರೆಯ ಬೆಂಡು ಬತ್ತಾಸು. ಇಷ್ಟು ಬಂದರೆ ಪ್ರಬಂಧ ಚೆನ್ನಾಗಿದೆ ಅಂತ ಲೆಕ್ಕ. ಕೇರಿಯ ಹುಡುಗಿಯೂ ಇದನ್ನೇ ಬರೆಯುತ್ತಾಳೆ. ಅವಳ ಅಜ್ಜಿಯ ಊರೆಂದರೆ ಇನ್ನೊಂದು ಕೇರಿ. ತೋಪು ಗೌಡರದು. ಕೆರೆಯಲ್ಲಿ ಅವಳ ಅವ್ವ ಹೂಳು ಹೊರುತ್ತಿದ್ದಳು. ಆದರೂ ಅವಳು ಮಾವಿನ ತೋಪಿನ ಬಗ್ಗೆಯೇ ಬರೆಯುತ್ತಾಳೆ. ಯಾಕೆಂದರೆ ಅವಳು ನಿಜವಾಗಿ ಬದುಕಿದ ಏಪ್ರಿಲ್ ಮೇ ತಿಂಗಳಿಗೆ ಪಠ್ಯಪುಸ್ತಕದಲ್ಲಿ ಮಾತುಗಳೇ ಇಲ್ಲ.

ಆ ಎರಡು ತಿಂಗಳು ಹೇಗಿರುತ್ತವೆ ನೋಡಿ. ತುಮಕೂರು, ಕೋಲಾರದ ಕಡೆ ಹುಣಸೆ ಹಣ್ಣಿನ ಕಾಲ ಅದು. ಸಾಹುಕಾರ ಮೂಟೆಗಟ್ಟಲೆ ಹಣ್ಣು ತಂದು ಹಟ್ಟಿಗೆ ಹಾಕುತ್ತಾನೆ. ಓಡು ಒಡೆದು, ನಾರು ಕಿತ್ತು, ಬೀಜ ತೆಗೆದು ಕೊಟ್ಟರೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಕೆ.ಜಿ. ಲೆಕ್ಕ ಅಂದಮೇಲೆ ಎಷ್ಟು ಕೈ ಸೇರಿದರೆ ಅಷ್ಟು ಕಾಸು; ಮಕ್ಕಳ ಕೈಗೂ ಬೆಲೆ ಬರುತ್ತದೆ. ಇಟ್ಟಿಗೆ ಗೂಡುಗಳಿಗೂ ಇದೇ ಸುಗ್ಗಿ, ಮಳೆ ಹಿಡಿಯುವ ಮುಂಚೆ ಸುಟ್ಟು ಮುಗಿಸಬೇಕು. ಅಲ್ಲಿ ಸಾವಿರಕ್ಕಿಷ್ಟು ಅಂತ ಕೂಲಿ. ಗಂಡ ಮಣ್ಣು ಕಲಸಿ ಹೆಂಡತಿ ಅಚ್ಚು ಹಾಕಿದರೆ, ಹಸಿ ಇಟ್ಟಿಗೆಯನ್ನು ಮಗುಚಿ ಒಣಗಿಸುವುದು ಮಕ್ಕಳ ಪಾಲು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಗಂಟು ಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುತ್ತವೆ. ಊರಲ್ಲೇ ಉಳಿದವರಿಗೆ ಮಣ್ಣಿನ ಕೆಲಸ, ಹೊಂಗೆ ಬೀಜ ಆಯುವುದು, ಮದುವೆ ಮನೆಗಳ ಚಾಕರಿ, ನೀರಿಗೆ ದೂರದ ನಡಿಗೆ. ಬಿಸಿಲೇರುವ ಮುಂಚೆ ಒಂದಿಷ್ಟು ಕೆಲಸ ಸಾಗಲಿ ಅಂತ ಕೋಳಿ ಕೂಗುವ ಹೊತ್ತಿಗೇ ಮನೆ ಬಿಡಬೇಕು. ಹೊರಡುವಾಗ ಅವ್ವ ಕೂಸನ್ನು ಎತ್ತಿ ದೊಡ್ಡ ಮಗಳ ಕಂಕುಳಿಗೆ ಹಾಕುತ್ತಾಳೆ. 'ಜ್ವಾಪಾನ ಕಣವ್ವ, ಬಿಸಿಲಿಗೆ ಬಿಡಬ್ಯಾಡ.' ಅಲ್ಲಿಗೆ ಆ ಮಗಳ ರಜೆ ಶುರುವಾಯಿತು, ಮುಗಿದೂ ಹೋಯಿತು. ಅವಳಿಗೆ ಎಂಟು ವರ್ಷ.

ಇದನ್ನು ಕಂಡ ಊರಿನವರು ಏನನ್ನುತ್ತಾರೆ? 'ಈ ಜನಕ್ಕೆ ಹೆರೋದು ಗೊತ್ತು, ಸಾಕೋದು ಗೊತ್ತಿಲ್ಲ' ಅನ್ನುತ್ತಾರೆ. ಓದಿದವರು ಇದನ್ನೇ ನಯ ಮಾಡಿ 'ಪೋಷಕರಲ್ಲಿ ಅರಿವಿನ ಕೊರತೆ' ಎಂದು ವರದಿ ಬರೆಯುತ್ತಾರೆ. ಎರಡೂ ಒಂದೇ ಮಾತು. ನಮ್ಮ ಅವ್ವಂದಿರಿಗೆ ಮಕ್ಕಳ ಮೇಲೆ ಪ್ರೀತಿ ಸಾಲದು ಎಂಬ ತೀರ್ಪು ಅದು. ನೀತಿಯ ಹೆಸರಿನಲ್ಲಿ ಬಂದಿರುವ ಈ ಆಪಾದನೆಗೆ ನೀತಿಯ ನೆಲೆಯಲ್ಲೇ ಉತ್ತರ ಕೊಡಬೇಕಾಗಿದೆ.

ಪ್ರೀತಿಗೆ ಹೊತ್ತು ಬೇಕು. ತಲೆ ಬಾಚುವುದಕ್ಕೆ, ಕಥೆ ಹೇಳುವುದಕ್ಕೆ, ಮಗು ಕೇಳಿದ ಪ್ರಶ್ನೆಗೆ ನಿಂತು ಉತ್ತರ ಕೊಡುವುದಕ್ಕೆ, ಸುಮ್ಮನೆ ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕೆ ಹೊತ್ತು ಬೇಕು. ಕೂಲಿಯವಳ ಬಳಿ ಮಾರುವುದಕ್ಕೆ ಇರುವ ಒಂದೇ ಒಂದು ಸರಕು ಎಂದರೆ ಅವಳ ಹೊತ್ತು. ಅದನ್ನು ಮಾರಿದರೆ ಮಕ್ಕಳ ಹೊಟ್ಟೆಗೆ ಹಿಟ್ಟು. ಮಾರದೆ ಮಕ್ಕಳ ಜೊತೆ ಕೂತರೆ ಆ ಹಿಟ್ಟೂ ಇಲ್ಲ. ಮಗುವಿನ ಮೇಲಿನ ಪ್ರೀತಿಯಿಂದಲೇ ಮಗುವನ್ನು ಬಿಟ್ಟು ಹೋಗಬೇಕಾದ ತಾಯಿಗೆ ಪ್ರೀತಿ ಕಲಿಸಲು ಹೊರಡುವವರು ಮೊದಲು ತಮ್ಮ ಮನೆಯ ಬಿಡುವು ಎಲ್ಲಿಂದ ಬಂತು ಅಂತ ನೋಡಿಕೊಳ್ಳಲಿ.

ಎಲ್ಲಿಂದ ಬಂತು? ಗೌಡರ ಮನೆಯ ಅಮ್ಮಾವ್ರು ರಜೆಗೆ ಬಂದ ಮೊಮ್ಮಕ್ಕಳಿಗೆ ಸಂಜೆ ಕಥೆ ಹೇಳುತ್ತಾರೆ. ಹೇಳಲಿ, ಸಂತೋಷ. ಆದರೆ ಆ ಹೊತ್ತಿನಲ್ಲಿ ಕೊಟ್ಟಿಗೆಯ ಸಗಣಿ ಬಾಚಿದವಳು ಯಾರು? ರಾಗಿ ಹಸನು ಮಾಡಿದವಳು ಯಾರು? ಪಟ್ಟಣದಲ್ಲಿ ಆಫೀಸಿಗೆ ಹೋಗುವ ತಾಯಿ ತನ್ನ ಮಗುವನ್ನು ಮನೆಗೆಲಸದವಳ ಕೈಗೆ ಕೊಡುತ್ತಾಳೆ. ಆ ಮನೆಗೆಲಸದವಳ ಮಗು ಯಾರ ಕೈಯಲ್ಲಿದೆ? ಅಂಬೇಡ್ಕರ್ ಈ ದೇಶದ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಪ್ರತಿಯೊಬ್ಬರ ಕಾಲಡಿಗೂ ಇನ್ನೊಬ್ಬರು. ಬಿಡುವು ಕೂಡ ಹಾಗೇ ಹಂಚಿಕೆಯಾಗಿದೆ. ದೊಡ್ಡ ಮನೆಯವರ ಭಾರ ಕೇರಿಯ ಅವ್ವನ ಮೇಲೆ ಇಳಿಯುತ್ತದೆ. ಅವಳು ತನ್ನ ಭಾರವನ್ನು ಇಳಿಸಲು ಕೆಳಗೆ ನೋಡಿದರೆ ಅಲ್ಲಿ ನಿಂತಿರುವುದು ಅವಳದೇ ಎಂಟು ವರ್ಷದ ಮಗಳು. ಮಗಳ ಕೆಳಗೆ ಯಾರೂ ಇಲ್ಲ. ಅವಳ ಅಣ್ಣ ಚಿನ್ನಿದಾಂಡು ಆಡುತ್ತಿರುತ್ತಾನೆ. ಅವನು ಗಂಡು.

'ಮನೆ ಕೆಲಸ ಮಾಡಿದರೆ ಮಕ್ಕಳೇನು ಸವೆಯುತ್ತಾರಾ? ತಮ್ಮನನ್ನು ಎತ್ತಿಕೊಂಡರೆ ಅದೂ ಶೋಷಣೆಯಾ?' ಅಂತ ಕೆಲವು ಗೆಳೆಯರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಕೆಲಸ ಅವಮಾನವಲ್ಲ, ಅವಮಾನ ಮಾಡಿದ್ದು ಜಾತಿ. ಕೇರಿಯಲ್ಲಿ ಕೂಸು ಒಬ್ಬಳ ಸ್ವತ್ತಾಗಿಯೂ ಇರಲಿಲ್ಲ. ಯಾರ ಮನೆಯ ಗಂಜಿಯಾದರೂ ಅದರ ಬಾಯಿಗೆ ಬೀಳುತ್ತದೆ, ಯಾವ ಅಜ್ಜಿಯ ಸೆರಗಾದರೂ ಅದರ ಮೂಗು ಒರೆಸುತ್ತದೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಕದ ಎಂಬ ಮೇಲ್ಜಾತಿಯ ಪಟ್ಟಣದ ಸಂಸಾರ ನಮಗೆ ಮಾದರಿಯಾಗಬೇಕಿಲ್ಲ. ಆ ಹುಡುಗಿಗೆ ತಮ್ಮನ ಮೇಲೆ ಪ್ರಾಣ ಎಂಬುದೂ ನಿಜ. ಅವನು ಮೊದಲ ಮಾತು ಆಡಿದ್ದು ಅವಳನ್ನು ಕರೆಯಲಿಕ್ಕೇ ಇರಬಹುದು.

ಆದರೆ ಒಂದು ಗೆರೆ ಇದೆ. ಎತ್ತಿಕೊಂಡ ಕೂಸನ್ನು ಕೆಳಗಿಳಿಸಿ ಆಟಕ್ಕೆ ಓಡಿಹೋಗಬಹುದಾದರೆ ಅದು ತಮ್ಮ. ಇಳಿಸಲಾಗದಿದ್ದರೆ ಅದು ಹೊರೆ. ಕೂಸು ಬಾವಿಯ ಹತ್ತಿರ ಹೋದರೆ, ಒಲೆಗೆ ಕೈ ಇಟ್ಟರೆ, ಜ್ವರ ಬಂದರೆ ಉತ್ತರ ಕೊಡಬೇಕಾದವಳು ಅವಳೇ ಎಂದಾದಾಗ ಅದು ನೆರವು ಅಲ್ಲ, ದುಡಿಮೆ. ಅವಳ ಪ್ರೀತಿಯನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿಹಾಕಿದ ದುಡಿಮೆ. ಕೂಲಿ ಕೇಳುವಂತಿಲ್ಲ, ಬಿಟ್ಟು ಹೋಗುವಂತಿಲ್ಲ, ಅದಕ್ಕೊಂದು ಹೆಸರೂ ಇಲ್ಲ.

ಕಾನೂನಿಗೆ ಈ ದುಡಿಮೆ ಕಾಣುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. 14 ವರ್ಷದೊಳಗಿನವರು ಎಲ್ಲೂ ದುಡಿಯಬಾರದು ಎಂದು ಹೇಳಿದ ಬಾಯಲ್ಲೇ ಅದು ಒಂದು ಕಿಂಡಿಯನ್ನೂ ತೆಗೆಯಿತು: ಅಪಾಯದ ಕೆಲಸ ಬಿಟ್ಟು, ಇಸ್ಕೂಲಿನ ಹೊತ್ತು ಮುಗಿದ ಮೇಲೆ ಇಲ್ಲವೇ ರಜೆಯಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು. ರಜೆಯಲ್ಲಿ! ಉಳ್ಳವರ ಮಕ್ಕಳಿಗೆ ಆಟ ಎಂಬ ಅರ್ಥವಿರುವ ಪದಕ್ಕೆ ಕೇರಿಯ ಮಕ್ಕಳ ಪಾಲಿಗೆ ದುಡಿಮೆ ಎಂಬ ಅರ್ಥ ಬಂದದ್ದು ಹೀಗೆ.

ಇನ್ನೂ ಆಳದಲ್ಲಿ ಒಂದು ಮೋಸವಿದೆ. 2002ರ ಸಂವಿಧಾನ ತಿದ್ದುಪಡಿ 6ರಿಂದ 14 ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಆರು ವರ್ಷದೊಳಗಿನ ಕೂಸುಗಳ ಪಾಲನೆ 'ಪ್ರಯತ್ನ ಮಾಡತಕ್ಕದ್ದು' ಎಂಬ ನಿರ್ದೇಶಕ ತತ್ವದಲ್ಲೇ ಉಳಿಯಿತು. ಅಂದರೆ ಅಕ್ಕನಿಗೆ ಹಕ್ಕಿದೆ, ತಮ್ಮನಿಗಿಲ್ಲ. ತಮ್ಮನಿಗೆ ಇಲ್ಲದ ಹಕ್ಕು ಅಕ್ಕನ ಹಕ್ಕನ್ನು ತಿಂದುಹಾಕುತ್ತದೆ. ಕೂಸನ್ನು ನೋಡುವವರಿಲ್ಲ ಅಂತ ಬೇಸಿಗೆಯಲ್ಲಿ ಮನೆಯಲ್ಲಿ ನಿಂತವಳು ಜೂನಿನಲ್ಲೂ ನಿಲ್ಲುತ್ತಾಳೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಶಾಲೆ ಬಿಟ್ಟಿದ್ದಾಳೆ'. ಅವಳು ಬಿಟ್ಟಳೋ, ನಾವು ಬಿಡಿಸಿದೆವೋ?

ದಾರಿಯೇ ಇಲ್ಲ ಅಂತಲ್ಲ. ಈ ನಾಡಿನ ಮೊದಲ ಅಂಗನವಾಡಿಗಳು 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದವು. ಆದರೆ ಕೂಲಿಯ ಗಡಿಯಾರಕ್ಕೂ ಅಂಗನವಾಡಿಯ ಗಡಿಯಾರಕ್ಕೂ ಹೊಂದಿಕೆಯಿಲ್ಲ, ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಪೊಟ್ಟಣ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿಗೆ ಕೂಲಿ ಕೊಡಬೇಕು ಎಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದಿತ್ತು. ಎಷ್ಟು ಕೆರೆಗಳ ಏರಿಯ ಮೇಲೆ ಅಂಥ ನೆರಳು ಕಂಡಿತು? 2023ರಲ್ಲಿ ಕರ್ನಾಟಕ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಬಜೆಟ್ಟಿನಲ್ಲಿ ಹೇಳಿತು. ಹೆಸರು ಚೆನ್ನಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಅದಕ್ಕೆ ಬಾಗಿಲಿದೆಯೇ, ಆ ಬಾಗಿಲು ಕೇರಿಯ ಕೂಸಿಗೂ ತೆರೆಯುತ್ತದೆಯೇ, ಹೋಗಿ ನೋಡಿ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಎಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಆದೇಶಿಸಿತು. ಹಸಿವಿಗೆ ರಜೆಯಿಲ್ಲ ಎಂಬುದು ನ್ಯಾಯಾಲಯಕ್ಕೆ ಗೊತ್ತಾಗಿದೆ. ಆದರೆ ಹಸಿವು ಬರ ಘೋಷಣೆಯಾದ ತಾಲ್ಲೂಕಿಗೆ ಮಾತ್ರ ಬರುತ್ತದೆಯೇ?

ಇದು ನಮ್ಮವರಿಗೆ ಹೊಸ ಪ್ರಶ್ನೆಯಲ್ಲ. 1855ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ ಒಂದು ಪ್ರಬಂಧ ಬರೆದಳು. ತನ್ನ ಜಾತಿಯ ಹೆಂಗಸರು ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವುದನ್ನು ಆ ಎಳೆಯ ಹುಡುಗಿ ಅದರಲ್ಲಿ ಹೇಳಿದಳು. ಅವಳ ಪ್ರಬಂಧದಲ್ಲಿ ಮಾವಿನ ತೋಪು ಇರಲಿಲ್ಲ. ಅವಳ ಮೇಷ್ಟ್ರು ಅವಳಿಗೆ ನಿಜ ಬರೆಯಲು ಬಿಟ್ಟಿದ್ದರು. ಅಂಬೇಡ್ಕರ್ ಮತ್ತು ರಮಾಬಾಯಿಯವರ ಐವರು ಮಕ್ಕಳಲ್ಲಿ ನಾಲ್ವರು ಎಳೆತನದಲ್ಲೇ ತೀರಿಹೋದರು, ಉಳಿದವರು ಯಶವಂತರಾವ್ ಒಬ್ಬರೇ. ಆ ತಂದೆ 1928ರ ಜುಲೈಯಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದರು. ದುಡಿಯುವ ತಾಯಿಗೆ ಹೆರಿಗೆಯ ಮುಂಚೆ ಮತ್ತು ಆಮೇಲೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ ಎಂದು ವಾದಿಸಿದರು. ಕೂಸನ್ನು ಸಾಕುವುದು ಬರೀ ಮನೆಯ ಮಾತಲ್ಲ ಎಂಬ ಅರ್ಥ ಅದರಲ್ಲಿದೆ.

ಈಗ ನಮ್ಮ ಕಡೆಗೇ ತಿರುಗೋಣ. ರಜೆ ಶುರುವಾದ ವಾರದಲ್ಲೇ ಏಪ್ರಿಲ್ 14 ಬರುತ್ತದೆ. ಜಯಂತಿ, ಜಾಥಾ, ಆಮೇಲೆ ಶಿಬಿರ. ವೇದಿಕೆಯ ಮೇಲೆ ಸಮಾನತೆಯ ಭಾಷಣ. ಭಾಷಣ ಮಾಡುವ ಸಂಗಾತಿಯ ಮನೆಯಲ್ಲಿ ಮೂರು ಮಕ್ಕಳನ್ನು ಹೆಂಡತಿ ನೋಡುತ್ತಿರುತ್ತಾಳೆ. ಅವಳೂ ಕೂಲಿಗೆ ಹೋದರೆ ದೊಡ್ಡ ಮಗಳು. ಭೂಮಾಲೀಕ ನಮ್ಮ ಹೊತ್ತನ್ನು ಕಸಿದ ಅಂತ ಕೂಗುವವರು ಮಗಳ ಹೊತ್ತನ್ನು ಕಸಿಯುವಾಗ ಅದಕ್ಕೆ ಸಂಸಾರ ಅಂತ ಹೆಸರಿಡಬಾರದು. ಹೊಟ್ಟೆಪಾಡಿಗೆ ಕೂಸನ್ನು ಮಗಳಿಗೆ ಕೊಟ್ಟು ಹೋದ ಅವ್ವ ತಪ್ಪಿತಸ್ಥೆಯಲ್ಲ. ಮನೆಯಲ್ಲೇ ಇದ್ದು, ಕೈ ಖಾಲಿಯಿದ್ದು, ಜಗಲಿಯ ಮೇಲೆ ಬೀಡಿ ಹಚ್ಚಿ ಕೂತ ಅಪ್ಪನಿಗೆ ಆ ಮಾಫಿ ಇಲ್ಲ. ಚಳವಳಿಯವನಾದರೆ ಇನ್ನೂ ಇಲ್ಲ. ಶಿಬಿರ ಮಾಡುವವರು ಅಡುಗೆಗೆ, ಮೈಕಿಗೆ ವ್ಯವಸ್ಥೆ ಮಾಡುವ ಹಾಗೆ ಕೂಸುಗಳಿಗೂ ಒಂದು ನೆರಳು ಮಾಡಲಿ, ಆ ನೆರಳಲ್ಲಿ ಸರದಿಯ ಮೇಲೆ ಗಂಡಸರು ಕೂರಲಿ.

ಮೇಷ್ಟ್ರೇ, ನೀವು ಜೂನಿನಲ್ಲಿ ಪ್ರಬಂಧ ಬರೆಸಿ, ಬೇಡ ಅನ್ನುವುದಿಲ್ಲ. ರಜೆಯಲ್ಲಿ ಯಾರನ್ನು ಎತ್ತಿಕೊಂಡಿದ್ದೆ, ಎಷ್ಟು ಹೊತ್ತು, ನಿನ್ನನ್ನು ಎತ್ತಿಕೊಂಡವರು ಯಾರು ಅಂತ ಕೇಳಿ. ಮಕ್ಕಳು ಬರೆದದ್ದನ್ನು ತಿದ್ದುವ ಮುಂಚೆ ಪಂಚಾಯಿತಿ ಸಭೆಯಲ್ಲಿ ಗಟ್ಟಿಯಾಗಿ ಓದಿ. ನಮ್ಮ ಹೋರಾಟ ಹತ್ತು ವರ್ಷ ಹಿಡಿಯಬಹುದು, ಇಪ್ಪತ್ತೂ ಹಿಡಿಯಬಹುದು. ಆದರೆ ಎಂಟು ವರ್ಷದವಳಿಗೆ ಮುಂದಿನ ಬೇಸಿಗೆಗೆ ಒಂಬತ್ತಾಗಿಬಿಡುತ್ತದೆ.