ನಾಳೆಗೆಂದು ಎತ್ತಿಟ್ಟ ಪ್ರತಿ

ದೊಡ್ಡ ಬ್ಯಾಂಕುಗಳ ಲೆಕ್ಕಾಚಾರ ಇಂದಿಗೂ ಎಷ್ಟೋ ಕಡೆ ಮೇನ್‌ಫ್ರೇಮ್ ಕಂಪ್ಯೂಟರುಗಳ ಮೇಲೆಯೇ ನಡೆಯುತ್ತದೆ. ಅವುಗಳಲ್ಲಿ ಐಇಬಿಕಾಪಿ ಎಂಬ ಹಳೆಯ ಯುಟಿಲಿಟಿ ಒಂದಿದೆ. ಲೈಬ್ರರಿಯೊಳಗಿನ ಪ್ರೋಗ್ರಾಮನ್ನು ತಿದ್ದಿ ಉಳಿಸಿದಾಗ ಹೊಸದು ಬೇರೆ ಜಾಗದಲ್ಲಿ ಕೂರುತ್ತದೆ. ಹಳೆಯದರ ಜಾಗ ಯಾರಿಗೂ ಸಿಗದೆ ಸುಮ್ಮನೆ ಬಿದ್ದಿರುತ್ತದೆ. ಆ ಜಾಗ ಬಿಡಿಸಲು ‘ಕಂಪ್ರೆಸ್’ ಮಾಡಿದರೆ, ಐಇಬಿಕಾಪಿ ಉಳಿದದ್ದನ್ನೆಲ್ಲ ಅದೇ ಲೈಬ್ರರಿಯೊಳಗೆ ಮುಂದಕ್ಕೆ ಸರಿಸುತ್ತ ಹೋಗುತ್ತದೆ. ಸರಿಸುವಾಗ ಕೆಲಸ ನಡುವೆ ನಿಂತರೆ ಲೈಬ್ರರಿಯೇ ಕೆಡಬಹುದು. ಆದ್ದರಿಂದ ಬಲ್ಲವರು ಮೊದಲು ಬ್ಯಾಕಪ್ ತೆಗೆದು, ಆಮೇಲೆ ಅದಕ್ಕೆ ಕೈ ಹಚ್ಚುತ್ತಾರೆ. ಇಲ್ಲಿ ಕುತ್ತು ತರುವುದು ಚೊಕ್ಕಟ ಮಾಡಹೊರಟ ಕೈಯೇ.

ಎಲ್ಲವೂ ಅನಿತ್ಯವೆಂದು ನಂಬಿದ ನಾಡಿನಲ್ಲಿ ಈ ಎಚ್ಚರ ಧರ್ಮದ ಪ್ರಶ್ನೆಯೊಂದನ್ನು ಎಬ್ಬಿಸುತ್ತದೆ. ನಾಳೆಗೆಂದು ಎತ್ತಿಡುವುದು ಆಸೆಯಲ್ಲವೇ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಗಡಿಯೂರು ಕಾಸಾರಶಿರಸಿಗೆ ಬಸವಕಲ್ಯಾಣ ದೂರವೇನಲ್ಲ. 12ನೆಯ ಶತಮಾನದಲ್ಲಿ ಅದೇ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ; ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಈ ಲೆಕ್ಕದಲ್ಲಿ ಬ್ಯಾಕಪ್ ಟೇಪು ಕೂಡ ಹೆಚ್ಚಿನ ಅಕ್ಕಿಯೇ ಆಗಬೇಕಲ್ಲ!

ಆಗುವುದಿಲ್ಲ. ಲಕ್ಕಮ್ಮ ನೋಡಿದ್ದು ಅಕ್ಕಿಯ ಅಳತೆಗಿಂತ, ಅದನ್ನು ಹೊತ್ತು ತಂದ ಆಸೆಯನ್ನು. ಮೇನ್‌ಫ್ರೇಮಿನ ಮುಂದೆ ಕೂತವನು ಕಾಯುವುದು ಬೇರೆಯವರ ಪಿಂಚಣಿ, ಬೇರೆಯವರ ಸಾಲದ ಕಂತು, ಬೇರೆಯವರ ಉಳಿತಾಯ. ತನ್ನದನ್ನು ಬಿಟ್ಟುಕೊಡುವುದು ವೈರಾಗ್ಯ. ತನ್ನದಲ್ಲದ್ದನ್ನು ಕೈಬಿಟ್ಟು ಅದಕ್ಕೆ ವೈರಾಗ್ಯದ ಹೆಸರಿಡಲು ಯಾವ ಧರ್ಮವೂ ಅಪ್ಪಣೆ ಕೊಟ್ಟಿಲ್ಲ.

ಅಪರಿಗ್ರಹವನ್ನು ಮಹಾವ್ರತವೆಂದು ಹಿಡಿದ ಜೈನರಲ್ಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. 10ನೆಯ ಶತಮಾನದ ಕೊನೆಯಲ್ಲಿ, ಚಾಲುಕ್ಯ ತೈಲಪನ ದಂಡನಾಯಕ ನಾಗದೇವನ ಪತ್ನಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಗ ಅಚ್ಚುಕೂಟವಿರಲಿಲ್ಲ. ತಾಳೆಗರಿಯ ಮೇಲೆ ಕಂಟವೆಂಬ ಮೊನೆಯ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ, ಹೆಚ್ಚಾದದ್ದನ್ನು ಒರೆಸಿ, ದಾರ ಪೋಣಿಸಿ ಕಟ್ಟು ಕಟ್ಟಬೇಕು. ಅಂಥ ಸಾವಿರ ಕಟ್ಟು. ಆಹಾರ, ಔಷಧ, ಅಭಯಗಳ ಸಾಲಿನಲ್ಲೇ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಧರ್ಮ ಅದು. ತನ್ನ ಪೆಟ್ಟಿಗೆಯಲ್ಲಿಟ್ಟರೆ ಪರಿಗ್ರಹವಾಗುವ ಪುಸ್ತಕ, ಪ್ರತಿಯಾಗಿ ಇನ್ನೊಬ್ಬರ ಕೈ ಸೇರಿದಾಗ ದಾನ.

ಮೂಡುಬಿದಿರೆಯಲ್ಲಿ ಇದಕ್ಕೆ ಕಠಿಣ ಪರೀಕ್ಷೆಯೇ ಬಂತು. ಜೈನರ ಆಗಮಗ್ರಂಥ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ತಾಳೆಗರಿಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಂಡವು. ಭಕ್ತರಿಗೆ ದರ್ಶನವಿತ್ತು, ಓದು ಇರಲಿಲ್ಲ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗುವ ಹೊತ್ತಿಗೆ ಕೆಲವು ಗರಿಗಳು ಹಾಳಾಗಿದ್ದವು. ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟಳೆಯಿತ್ತು. ಆದರೂ ಲಿಪಿಕಾರರೊಬ್ಬರು ಗುಟ್ಟಾಗಿ ಮಾಡಿಟ್ಟ ಇನ್ನೊಂದು ಪ್ರತಿ ಉತ್ತರದ ಸಹಾರನಪುರ ಸೇರಿತು. ಅದರ ಬಲದಿಂದಲೇ 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯ ಮೊದಲ ಸಂಪುಟ ಅಚ್ಚಾಯಿತು. ನಂಬಿಕೆ ಮುರಿದದ್ದು ತಪ್ಪು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಇರುವ ಒಂದೇ ಕಟ್ಟಿಗೆ ಕೈಮುಗಿಯುತ್ತ ಅದನ್ನು ಗೆದ್ದಲಿಗೆ ಒಪ್ಪಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಪ್ರತಿ ಎಲ್ಲಿರಬೇಕು ಎಂಬುದೂ ಸಣ್ಣ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪ ಆ ಸೀಮೆಯ ಕಲ್ಲುಮಣ್ಣಿನ ಗೋಡೆಗಳನ್ನು ಮಲಗಿದ್ದವರ ಮೇಲೆಯೇ ಕೆಡವಿತು. ಸಾವಿರಾರು ಜನ ಸತ್ತರು. ಅಂಥ ಗಳಿಗೆಯಲ್ಲಿ ಮೂಲ ಮತ್ತು ಪ್ರತಿ ಒಂದೇ ಪೆಟ್ಟಿಗೆಯಲ್ಲಿದ್ದರೆ ಎರಡೂ ಮಣ್ಣುಪಾಲು. ಮೇನ್‌ಫ್ರೇಮಿನವರು ಟೇಪನ್ನು ಬೇರೆ ಊರಿಗೆ ಕಳಿಸುವುದು, ಆಗಾಗ ಮತ್ತೆ ಓದಿಸಿ ನೋಡುವುದು ಇದೇ ಭಯದಿಂದ.

ಆದ್ದರಿಂದ ಇದೇ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಯಾವ ಮನೆಯಲ್ಲಾಗಲಿ ಮಠದಲ್ಲಾಗಲಿ ಹಳೆಯ ಕನ್ನಡದ ಗರಿ, ಕಾಗದ, ವಹಿಗಳಿದ್ದರೆ, ಧೂಳು ಒರೆಸುವ ಮುನ್ನ, ಹೊಸ ಕಟ್ಟು ಹಾಕಿಸುವ ಮುನ್ನ, ಮಾಳಿಗೆ ಕೆಡವುವ ಮುನ್ನ ಪ್ರತಿ ಪುಟದ ಫೋಟೊ ತೆಗೆಯಿರಿ. ಅಕ್ಷರ ಓದಲು ಬರುತ್ತದೆಯೇ ಎಂದು ನೋಡಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ನೆಂಟರ ಕೈಗೆ ಕೊಡಿ.